ಟಿಕೆಟ್ ಕೊಂಡ ಮೇಲೂ ಜೇಬಿಗೆ ಕೈ: ಸ್ಕೀ ರೆಸಾರ್ಟ್ ಶುಲ್ಕಗಳ ಹಿಂದಿನ ಕತೆ

ಅಮೆರಿಕದಲ್ಲಿ ಸ್ಕೀ ಆಡುವವರ ಮಾತು ಹಿಮದಿಂದ ಶುರುವಾದರೂ ಈಗೀಗ ಪಾರ್ಕಿಂಗಿಗೆ ಬಂದು ನಿಲ್ಲುತ್ತದೆ. ಕಾರು ನಿಲ್ಲಿಸೋಕೆ ದುಡ್ಡು, ಚೀಲ ಇಡೋಕೆ ದುಡ್ಡು, ಕ್ಯೂ ತಪ್ಪಿಸಿಕೊಳ್ಳೋಕೆ ಇನ್ನಷ್ಟು ದುಡ್ಡು. ಇದೆಲ್ಲ ಯಾವಾಗ ಶುರುವಾಯಿತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ವರ್ಷ ಹೇಳುತ್ತಾರೆ.

ನಿಜ ಹೇಳಬೇಕೆಂದರೆ, ಹಿಮ ತೋರಿಸಿ ಬೇರೆ ಏನನ್ನೋ ಮಾರುವುದು ಹೊಸದಲ್ಲ. 1936ರಲ್ಲಿ ಇಡಾಹೋದ ಸನ್ ವ್ಯಾಲಿ ರೆಸಾರ್ಟ್ ಕಟ್ಟಿದ್ದೇ ಯೂನಿಯನ್ ಪೆಸಿಫಿಕ್ ರೈಲು ಕಂಪನಿ, ಚಳಿಗಾಲದಲ್ಲಿ ರೈಲು ತುಂಬಲಿ ಅಂತ. ಜನರನ್ನು ತೂಗುಕುರ್ಚಿಯಲ್ಲಿ ಕೂರಿಸಿ ಬೆಟ್ಟ ಹತ್ತಿಸುವ ಚೇರ್‌ಲಿಫ್ಟ್ ಜಗತ್ತಿನಲ್ಲಿ ಮೊದಲು ಓಡಿದ್ದೂ ಅಲ್ಲೇ. ಬಾಳೆಗೊನೆಗಳನ್ನು ಹಡಗಿಗೆ ಏರಿಸುವ ಯಂತ್ರ ನೋಡಿ ಅದರ ಎಂಜಿನಿಯರಿಗೆ ಆ ಉಪಾಯ ಹೊಳೆದಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಸೇನೆಯ ಪರ್ವತ ದಳದ ಮಾಜಿ ಸೈನಿಕರೂ ಸ್ಥಳೀಯರೂ ಸೇರಿ ಬೆಟ್ಟ ಬೆಟ್ಟಕ್ಕೂ ಲಿಫ್ಟ್ ಹಾಕಿದರು. 1962ರಲ್ಲಿ ಕೊಲೊರಾಡೋದ ವೇಲ್ ತೆರೆದಾಗ ದಿನದ ಟಿಕೆಟ್ 5 ಡಾಲರ್. ಆ ಕಾಲದ ಸಣ್ಣ ಬೆಟ್ಟಗಳಲ್ಲಿ ಟಿಕೆಟ್ ಅಂದರೆ ಇಡೀ ದಿನ. ಕಾರನ್ನು ಬಯಲಲ್ಲಿ ಬಿಟ್ಟು, ಚೀಲವನ್ನು ಬೆಂಚಿನ ಕೆಳಗೆ ತಳ್ಳಿ, ಮಧ್ಯಾಹ್ನ ಅದೇ ಬೆಂಚಿನ ಮೇಲೆ ಮನೆಯ ಬುತ್ತಿ ಬಿಚ್ಚಿದರಾಯಿತು. ಮುಂದಿನ ಮೂರು ದಶಕಗಳಲ್ಲಿ ಕೃತಕ ಹಿಮ, ವೇಗದ ಲಿಫ್ಟ್, ವಿಮೆ ಎಲ್ಲಕ್ಕೂ ಖರ್ಚು ಏರಿತು. 1980ರ ದಶಕದ ಆರಂಭದಲ್ಲಿ 700ಕ್ಕೂ ಹೆಚ್ಚು ಸ್ಕೀ ತಾಣಗಳಿದ್ದವು, ಈಗ 500ಕ್ಕಿಂತ ಕಡಿಮೆ.

ಕತೆಗೆ ತಿರುವು ಸಿಕ್ಕಿದ್ದು 2008ರಲ್ಲಿ. ಆ ವರ್ಷ ವೇಲ್ ಬೆಟ್ಟದ ಒಡೆತನದ ವೇಲ್ ರೆಸಾರ್ಟ್ಸ್ ಕಂಪನಿ ಎಪಿಕ್ ಪಾಸ್ ತಂದಿತು. 579 ಡಾಲರಿಗೆ ಇಡೀ ಸೀಸನ್, ಹಲವು ಬೆಟ್ಟಗಳಲ್ಲಿ. (ಅಮೆರಿಕದ ದೊಡ್ಡ ವಿಮಾನ ಕಂಪನಿಗಳು ಮೊದಲ ಚೀಲಕ್ಕೂ ಶುಲ್ಕ ಕೇಳತೊಡಗಿದ್ದು ಅದೇ ವರ್ಷ. ಕಾಕತಾಳೀಯ ಇರಬಹುದು.) ಪಾಸಿನಿಂದ ಕಂಪನಿಗೆ ಒಂದು ದೊಡ್ಡ ಅನುಕೂಲ ಆಯಿತು. ಹಿಮ ಬೀಳುವ ಮೊದಲೇ ದುಡ್ಡು ಕೈಗೆ ಬರುತ್ತದೆ, ಹಿಮ ಬೀಳದಿದ್ದರೆ ಅದರ ಚಿಂತೆ ಕೊಂಡವರಿಗೆ. ಹೆಚ್ಚು ದಿನ ಹೋಗುವವರಿಗೂ ಲಾಭ, ಅದನ್ನು ಅಲ್ಲಗಳೆಯುವಂತಿಲ್ಲ. 2018ರಲ್ಲಿ ಪೈಪೋಟಿಗೆ ಐಕಾನ್ ಪಾಸ್ ಬಂತು. ಪಾಸಿಲ್ಲದವರ ಟಿಕೆಟ್ ಮಾತ್ರ ಗಗನಕ್ಕೇರಿತು. 2023-24ರಲ್ಲಿ ವೇಲ್‌ನಲ್ಲಿ ಜನಜಂಗುಳಿಯ ದಿನದ ದರ 299 ಡಾಲರ್.

ಈಗ ಲೆಕ್ಕ ನೋಡಿ. ಪಾಸಿದ್ದವರು ಮೂವತ್ತನೇ ಸಲ ಬಂದರೂ ಲಿಫ್ಟಿನ ಹತ್ತಿರ ಹೊಸದಾಗಿ ಒಂದು ಪೈಸೆ ಹುಟ್ಟುವುದಿಲ್ಲ. ಆ ದಿನದ ಗಳಿಕೆ ಹುಟ್ಟಬೇಕಾದ್ದು ಊಟ, ಬಾಡಿಗೆ, ತರಬೇತಿ, ಲಾಕರ್, ಪಾರ್ಕಿಂಗಿನಿಂದ. ಜನರೂ ಜಾಸ್ತಿಯಾದರು. 2022-23ರ ಸೀಸನ್‌ನಲ್ಲಿ ದೇಶದ ಸ್ಕೀ ತಾಣಗಳಿಗೆ 6.5 ಕೋಟಿಗೂ ಮೀರಿ ಭೇಟಿಗಳು ನಡೆದವು. ಅದು ದಾಖಲೆ.

ಪಾರ್ಕಿಂಗ್ ಶುಲ್ಕವನ್ನು ಸುಮ್ನೆ ದುರಾಸೆ ಅಂದುಬಿಡುವುದು ಸರಿಯಲ್ಲ. ಯೂಟಾದ ಕಾಟನ್‌ವುಡ್ ಕಣಿವೆಗಳಲ್ಲಿ ಇರುವುದು ಇಕ್ಕಟ್ಟಾದ ರಸ್ತೆ, ಮೇಲಿಂದ ಹಿಮಕುಸಿತದ ಭಯ. ಜಾಗ ಹಿಗ್ಗಿಸೋಕೆ ಆಗಲ್ಲ. 2019-20ರಲ್ಲಿ ಅಲ್ಲಿನ ಸಾಲಿಟ್ಯೂಡ್ ಶುಲ್ಕ ಶುರು ಮಾಡಿದಾಗ ಕಾರಿನಲ್ಲಿ ಜನ ಹೆಚ್ಚಿದ್ದಷ್ಟೂ ದರ ಕಡಿಮೆ ಇಟ್ಟಿತು. ಒಬ್ಬೊಬ್ಬರೇ ಕಾರು ತರುವುದನ್ನು ತಡೆಯುವ ಶುಲ್ಕಕ್ಕೆ ಅರ್ಥವಿದೆ. ಬಸ್ಸು ಸಾಕಷ್ಟು ಇದ್ದಿದ್ದರೆ ಇನ್ನೂ ಅರ್ಥ ಇರುತ್ತಿತ್ತು, ಅಲ್ವಾ?

ಲಾಕರಿಗೆ ಈ ಸಮರ್ಥನೆ ಸಿಗುವುದಿಲ್ಲ. ಬೆಂಚಿನ ಕೆಳಗೆ ಚೀಲ ಇಡಬೇಡಿ ಅಂತ ಬೋರ್ಡು ಹಾಕಿ ಪಕ್ಕದಲ್ಲೇ ಬಾಡಿಗೆ ಲಾಕರ್ ನಿಲ್ಲಿಸಿದರೆ ಯಾವ ಟ್ರಾಫಿಕ್ಕೂ ಕಡಿಮೆಯಾಗುವುದಿಲ್ಲ. ಇಲ್ಲಿ ಊಟ ಕೊಂಡವರಿಗಷ್ಟೇ ಈ ಮೇಜು ಅನ್ನುವ ಬೋರ್ಡೂ ಇದೇ ಜಾತಿಯದು. ಮಕ್ಕಳಿಗೆ ಬುತ್ತಿ ಕಟ್ಟಿಕೊಂಡು ಬಂದ ಮನೆಯವರು ಮೂಲೆ ಹುಡುಕಬೇಕು.

ಕ್ಯೂ ಮಾರಾಟ ಬಂದಾಗ ಗಲಾಟೆ ಜೋರಾಯಿತು. 2021ರಲ್ಲಿ ಒಂದೇ ಕಂಪನಿಯ ನಾಲ್ಕು ರೆಸಾರ್ಟ್‌ಗಳಲ್ಲಿ ಹೆಚ್ಚು ದುಡ್ಡು ಕೊಟ್ಟವರನ್ನು ಲಿಫ್ಟಿನ ಬೇರೆ ಸಾಲಿಗೆ ಬಿಡುವ, 49 ಡಾಲರಿನಿಂದ ಶುರುವಾಗುವ ಫಾಸ್ಟ್ ಟ್ರ್ಯಾಕ್ಸ್ ಯೋಜನೆ ಪ್ರಕಟವಾಯಿತು. ಅವುಗಳಲ್ಲಿ ಒಂದಾದ ಆರೆಗಾನ್‌ನ ಮೌಂಟ್ ಬ್ಯಾಚೆಲರ್ ಇರುವುದು ಸರ್ಕಾರಿ ಅರಣ್ಯದಲ್ಲಿ. ಎಲ್ಲರ ನೆಲದಲ್ಲಿ ದುಡ್ಡಿದ್ದವರಿಗೆ ಬೇರೆ ಸಾಲು ಯಾಕೆ ಅಂತ ಜನ ಕೇಳಿದರು. ಆ ರಾಜ್ಯದ ಸೆನೆಟರ್ ರಾನ್ ವೈಡನ್ ಕೂಡ ಪತ್ರ ಬರೆದು ಆಕ್ಷೇಪಿಸಿದರು. ಯೋಜನೆ ಮಾತ್ರ ನಿಲ್ಲಲಿಲ್ಲ.

ಹೋಟೆಲ್ ಬಿಲ್ಲಿನ ಕೊನೆಯಲ್ಲಿ ಸೇರಿಕೊಳ್ಳುವ ‘ರೆಸಾರ್ಟ್ ಫೀ’ ಇದರದ್ದೇ ಅಣ್ಣ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿ 22 ಹೋಟೆಲ್ ಸಂಸ್ಥೆಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. 2025ರ ಮೇ 12ರಿಂದ ಜಾರಿಯಾದ ನಿಯಮದ ಪ್ರಕಾರ ಕೋಣೆಯ ದರ ತೋರಿಸುವಾಗಲೇ ಕಡ್ಡಾಯ ಶುಲ್ಕ ಸೇರಿಸಿ ಒಟ್ಟು ಮೊತ್ತ ಹೇಳಬೇಕು. ಶುಲ್ಕ ಹಾಕಬಾರದು ಅಂತ ನಿಯಮ ಹೇಳುವುದಿಲ್ಲ, ಮುಚ್ಚಿಡಬಾರದು ಅನ್ನುತ್ತದೆ. ಅದು ಕೂಡ ತಂಗುವ ಕೋಣೆಗಳಿಗೆ ಮತ್ತು ಸಂಗೀತ, ಆಟದಂಥ ಕಾರ್ಯಕ್ರಮಗಳ ಟಿಕೆಟಿಗೆ ಮಾತ್ರ. ಸ್ಕೀ ಪಾಸು ಅದರೊಳಗೆ ಬರುವುದಿಲ್ಲ. ಆ ಪಾಸುಗಳ ಮಾರಾಟ ಶುರುವಾಗುವುದು ಮಾರ್ಚ್ ಹೊತ್ತಿಗೆ. ಮುಂದಿನ ಚಳಿಗಾಲದಲ್ಲಿ ಕಾರು ನಿಲ್ಲಿಸಲು ಎಷ್ಟು ಅನ್ನುವುದು ಬಹಳ ಕಡೆ ಆಗಿನ್ನೂ ತೀರ್ಮಾನವೇ ಆಗಿರುವುದಿಲ್ಲ.