ತಾಮ್ರದ ಕಡಗ ಹಾಕಿದರೆ ಮಂಡಿನೋವು ಹೋಗುತ್ತದೆಯೇ?

ಪ್ರಶ್ನೆ: ತಾಮ್ರದ ಕಡಗ ಧರಿಸಿದರೆ ಕೀಲುನೋವು ಇಳಿಯುತ್ತದೆ ಎನ್ನುತ್ತಾರೆ, ನಿಜವೇ? ನನ್ನ ಮಣಿಕಟ್ಟಿನ ಸುತ್ತ ಹಸಿರು ಗುರುತು ಮೂಡಿದೆ. ದೇಹದ ವಾತ ಹೊರಬರುತ್ತಿದೆ ಎಂದು ಅಂಗಡಿಯವರು ಹೇಳಿದರು.

ಉತ್ತರ: ನಿಜವಲ್ಲ. ಈ ಪ್ರಶ್ನೆಗೆ ಹಿಂದೆಯೂ ಉತ್ತರಿಸಿದ್ದೇನೆ. ಮುಂದಿನ ಮಳೆಗಾಲದಲ್ಲಿ ಮತ್ತೆ ಬರುತ್ತದೆ ಎಂಬುದೂ ಗೊತ್ತು. ಬೆಳಗ್ಗೆ ಲಾಲ್‌ಬಾಗ್‌ಗೆ ಹೋಗಿ ನೋಡಿ. ಕೈಯಲ್ಲಿ ತಾಮ್ರ ಫಳಫಳಿಸುವ ಹಿರಿಯರೇ ಬಂಡೆ ಹತ್ತುವಾಗ ಮಂಡಿ ಹಿಡಿದುಕೊಂಡು ನಿಂತಿರುತ್ತಾರೆ.

ಮೊದಲು ಆ ಹಸಿರಿನ ವಿಚಾರ. ಬೆವರಿನಲ್ಲಿ ಉಪ್ಪಿದೆ, ಸ್ವಲ್ಪ ಆಮ್ಲವೂ ಇದೆ. ಅವು ತಾಮ್ರದೊಂದಿಗೆ ಸೇರಿದರೆ ಹಸಿರು ಬಣ್ಣದ ಲವಣಗಳಾಗುತ್ತವೆ. ದೇವರಮನೆಯ ಪಂಚಪಾತ್ರೆಗೆ ಹಿಡಿಯುವ ಕಿಲುಬು ಇದರ ಬಂಧುವೇ. ಪಂಚಪಾತ್ರೆಗೆ ಯಾವ ವಾತವಿತ್ತು? ಅದೇ ಕಡಗವನ್ನು ನಿಮ್ಮ ಮೊಮ್ಮಗನ ಕೈಗೆ ಹಾಕಿ, ಎರಡು ದಿನ ಕ್ರಿಕೆಟ್ ಆಡಿಸಿ. ಅವನ ಕೈಯೂ ಹಸಿರಾದೀತು. ಕೈಗೆ ಸೋಪು, ಕಡಗಕ್ಕೆ ಹುಣಸೆಹಣ್ಣು. ಅಲ್ಲಿಗೆ ವಾತದ ಕಥೆ ಮುಗಿಯಿತು.

ಇದನ್ನು ಹೇಳಿದ ಕೂಡಲೇ ಮುಂದಿನ ವಾದ ಸಿದ್ಧವಿರುತ್ತದೆ: ದೇಹದಲ್ಲಿ ತಾಮ್ರ ಕಡಿಮೆಯಾದದ್ದರಿಂದಲೇ ನೋವು, ಕಡಗ ಅದನ್ನು ತುಂಬುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದ ತಾಮ್ರ ಸುಮಾರು 1 ಮಿಲಿಗ್ರಾಂ. ಎಳ್ಳು, ಕಡಲೆಕಾಯಿ, ಬೇಳೆಕಾಳು ತಿನ್ನುವವರಿಗೆ ಅದು ಊಟದಲ್ಲೇ ಸಿಗುತ್ತದೆ. ರುಮಟಾಯ್ಡ್ ಸಂಧಿವಾತ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆರಗುವ ಕಾಯಿಲೆ, ಇರುವವರ ರಕ್ತದಲ್ಲಿ ತಾಮ್ರ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ, ಕಡಿಮೆಯಲ್ಲ.

ಪರೀಕ್ಷೆ ಮಾಡಿಲ್ಲವೇ ಎಂದರೆ, ಮಾಡಿದ್ದಾರೆ. 2013ರಲ್ಲಿ ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ರುಮಟಾಯ್ಡ್ ಸಂಧಿವಾತವಿದ್ದ 70 ಮಂದಿಯ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಪ್ರತಿಯೊಬ್ಬರಿಗೂ ತಾಮ್ರದ ಕಡಗ, ಅಯಸ್ಕಾಂತದ ಪಟ್ಟಿ, ಶಕ್ತಿ ಕುಂದಿಸಿದ ಹುಸಿ ಪಟ್ಟಿಗಳು. ಒಂದೊಂದೂ ಐದು ವಾರ. ನೋವು, ಊತ, ನುಂಗುವ ಮಾತ್ರೆ ಎಲ್ಲವನ್ನೂ ಅಳೆದರು. ಹುಸಿ ಪಟ್ಟಿಗಿಂತ ಹೆಚ್ಚಿನದೇನನ್ನೂ ತಾಮ್ರ ಮಾಡಲಿಲ್ಲ. ಮಂಡಿ ಸವೆತದಂಥ ಸಂಧಿವಾತ ಇರುವವರ ಮೇಲೆ 2009ರಲ್ಲೇ ಪ್ರಕಟವಾದ ಪ್ರಯೋಗದಲ್ಲೂ ಇದೇ ಕಥೆ.

“ನನಗೆ ಕಡಿಮೆಯಾಯಿತಲ್ಲ?” ಆಗಿರಬಹುದು. ಕೀಲುನೋವು ಏರುತ್ತದೆ, ಇಳಿಯುತ್ತದೆ. ನಾವು ಕಡಗ ಕೊಳ್ಳುವುದು ನೋವು ತಾರಕಕ್ಕೇರಿದಾಗ. ತಾನಾಗಿ ಇಳಿಯುವ ನೋವಿನ ಕೀರ್ತಿ ಕಡಗಕ್ಕೆ ಹೋಗುತ್ತದೆ. ಚಂದಕ್ಕೆ ಹಾಕಿಕೊಳ್ಳಿ, ನನ್ನ ತಕರಾರಿಲ್ಲ. ಬೆಳಗಿನ ಹೊತ್ತು ಬೆರಳಿನ ಗೆಣ್ಣುಗಳು ಊದಿ ಬಿಗಿಯುತ್ತಿದ್ದರೆ ಮಾತ್ರ ವೈದ್ಯರನ್ನು ಕಾಣಿ. ರುಮಟಾಯ್ಡ್ ಆಗಿದ್ದರೆ ತಡಮಾಡಿದಷ್ಟೂ ಕೀಲು ಹಾಳಾಗುತ್ತದೆ.

ತಾಮ್ರದ ಮೇಲೆ ನನಗೇನೂ ಹಗೆಯಿಲ್ಲ. ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಸಾಯುತ್ತವೆ ಎಂದು ಬೆಂಗಳೂರಿನ ಸಂಶೋಧಕರೂ ಇದ್ದ ತಂಡವೊಂದು 2012ರಲ್ಲಿ ತೋರಿಸಿದೆ. ಅಜ್ಜಿಯ ಚೊಂಬು ಗೆದ್ದಿತು, ಕಡಗ ಸೋತಿತು.

ಯಾರೂ ಕೇಳದ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಮಣಿಕಟ್ಟಿನ ಒಡವೆ ತೀರ ಹಳೆಯದು. ಮೊಹೆಂಜೊದಾರೊದ ಕಂಚಿನ ಹುಡುಗಿ ಸುಮಾರು ಹತ್ತೂವರೆ ಸೆಂಟಿಮೀಟರ್ ಎತ್ತರದಲ್ಲೇ ಎಡಗೈ ತುಂಬ ಬಳೆ ತೊಟ್ಟು ನಿಂತಿದ್ದಾಳೆ. ಅವಳಿಗೆ ಕೀಲುನೋವಿತ್ತೆಂದು ಇದುವರೆಗೆ ಯಾರೂ ಹೇಳಿಲ್ಲ. ಆದರೆ ಗಂಡಸರು ಕೈಗೆ ಗಡಿಯಾರ ಕಟ್ಟಲು ಒಪ್ಪಿದ್ದು ಈಚೆಗೆ. ಯುರೋಪಿನಲ್ಲಿ ಕೈಗಡಿಯಾರವೆಂದರೆ ಹೆಂಗಸರ ಒಡವೆ, ಗಂಡಸರದು ಜೇಬಿನ ಗಡಿಯಾರ. ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ ಜೇಬಿಗೆ ಕೈಹಾಕಿ ಸಮಯ ನೋಡುವುದು ಆಗದ ಮಾತಾಯಿತು, ಸೈನಿಕರು ಗಡಿಯಾರವನ್ನು ಮಣಿಕಟ್ಟಿಗೇ ಕಟ್ಟಿಕೊಂಡರು. ಯುದ್ಧ ಮುಗಿದ ಮೇಲೆ ನಗುವವರೂ ಇಲ್ಲವಾದರು. ಜಪಾನಿನ ಸಿಟಿಜನ್ ನೆರವಿನಿಂದ ಎಚ್‌ಎಂಟಿ ಬೆಂಗಳೂರಿನಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಸತೊಡಗಿದಾಗ, ಅಳಿಯನಿಗೆ ಮಾವ ಕೊಡುವ ಗಡಿಯಾರವನ್ನು ಹೆಂಗಸರ ಒಡವೆ ಎನ್ನುವ ಧೈರ್ಯ ಯಾರಿಗಿತ್ತು!