ವಿಆರ್ ಹಾಕಿಕೊಂಡರೆ ಹೊಟ್ಟೆ ಯಾಕೆ ತೊಳಸುತ್ತದೆ? 130 ವರ್ಷಗಳ ಹಿನ್ನೆಲೆ

1894ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡದೊಂದು ವಸ್ತುಪ್ರದರ್ಶನ ನಡೆಯಿತು. ಅಲ್ಲಿ 'ದೆವ್ವದ ಉಯ್ಯಾಲೆ' ಅಂತ ಒಂದು ಮೋಜಿನ ಕೋಣೆ ಇತ್ತು. ಒಳಗೆ ಮಾಮೂಲಿ ಮನೆಯ ಹಾಗೆ ಮೇಜು, ಕುರ್ಚಿ, ದೀಪ. ನಡುವೆ ಹಲವು ಜನ ಒಟ್ಟಿಗೆ ಕೂರಬಹುದಾದ ಉಯ್ಯಾಲೆ. ಬಾಗಿಲು ಹಾಕಿದ ಮೇಲೆ ಉಯ್ಯಾಲೆ ಮೆಲ್ಲಗೆ ತೂಗಲು ಶುರುವಾಗುತ್ತಿತ್ತು. ಜೀಕು ಜಾಸ್ತಿಯಾಗುತ್ತ ಹೋಗಿ, ಕೊನೆಗೆ ಸೂರಿನ ಕಡೆಯಿಂದ ಪೂರ್ತಿ ಒಂದು ಸುತ್ತು ಹೊಡೆಯುತ್ತಿತ್ತು. ಕೂತವರು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಅಸಲಿಗೆ ಉಯ್ಯಾಲೆ ಹೆಚ್ಚೂಕಡಿಮೆ ನಿಂತಲ್ಲೇ ಇರುತ್ತಿತ್ತು. ತಿರುಗುತ್ತಿದ್ದದ್ದು ಕೋಣೆ. ಮೇಜು ಕುರ್ಚಿಗಳನ್ನೆಲ್ಲ ನೆಲಕ್ಕೆ ಭದ್ರವಾಗಿ ಕೂರಿಸಿದ್ದರು. ಭೌತವಿಜ್ಞಾನಿ ರಾಬರ್ಟ್ ವುಡ್ ಇದನ್ನು ನೋಡಿ 1895ರಲ್ಲಿ ಒಂದು ಮನೋವಿಜ್ಞಾನ ಪತ್ರಿಕೆಗೆ ಬರೆದರು. ಗುಟ್ಟು ಗೊತ್ತಿದ್ದರೂ ಭ್ರಮೆ ಬಿಡುವುದಿಲ್ಲ, ಕೆಲವರಿಗಂತೂ ಹೊಟ್ಟೆ ಕೆಟ್ಟು ಹೊರಗೆ ನೆಟ್ಟಗೆ ನಡೆಯಲೂ ಕಷ್ಟವಾಗುತ್ತದೆ ಎಂಬುದು ಅವರು ಕಂಡ ವಿಷಯ. ಕಂಪ್ಯೂಟರ್ ಇಲ್ಲ, ಪರದೆ ಇಲ್ಲ. ಆದರೂ ಇವತ್ತು ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೆಯದೇ ಲೋಕ ತೋರಿಸುವ ಸಾಧನ, ಕೊಡುವ ತೊಂದರೆ ಅಷ್ಟೂ ಅಲ್ಲಿತ್ತು.

ಇದರ ಮೂಲ ಇರುವುದು ಒಳಕಿವಿಯಲ್ಲಿ. ಅಲ್ಲಿ ದ್ರವ ತುಂಬಿದ ಮೂರು ಬಾಗಿದ ನಾಳಗಳಿವೆ. ತಲೆ ತಿರುಗಿದರೆ ಅವಕ್ಕೆ ಗೊತ್ತಾಗುತ್ತದೆ. ಪಕ್ಕದಲ್ಲೇ ಕ್ಯಾಲ್ಸಿಯಂ ಕಾರ್ಬೋನೇಟ್‌ನ ಸಣ್ಣ ಹರಳುಗಳಿರುವ ಎರಡು ಚೀಲಗಳಿವೆ. ಗಾರೆ ಕೆಲಸದವರ ರಸಮಟ್ಟದ ಹಾಗೆ ಇವು ತಲೆ ಯಾವ ಕಡೆ ವಾಲಿದೆ ಅಂತ ಹೇಳುತ್ತಿರುತ್ತವೆ. ಮುಂದಕ್ಕೆ ಹೋಗುತ್ತಿದ್ದೇವೋ, ನಿಂತೆವೋ ಎಂಬುದನ್ನೂ ಹೇಳುತ್ತವೆ. ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳಿಂದ ಬರುವ ಸುದ್ದಿಯನ್ನೆಲ್ಲ ಮಿದುಳು ಕೂಡಿಸಿ ನೋಡುತ್ತದೆ. ತಾಳೆಯಾದರೆ ನಮಗೆ ಏನೂ ಗೊತ್ತೇ ಆಗುವುದಿಲ್ಲ. ತಾಳೆಯಾಗದಿದ್ದರೆ ಬೆವರು, ತಲೆಸುತ್ತು, ವಾಕರಿಕೆ.

ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ತಲೆ ಬಗ್ಗಿಸಿ ಮೊಬೈಲ್ ನೋಡುವವರಿಗೆ ಆಗುವುದು ಇದೇ. ಕಿವಿ 'ತಿರುಗುತ್ತಿದ್ದೀಯ' ಅನ್ನುತ್ತದೆ, ಕಣ್ಣು 'ಇಲ್ಲ, ಎಲ್ಲ ನಿಂತೇ ಇದೆ' ಅನ್ನುತ್ತದೆ. ವಿಆರ್‌ನಲ್ಲಿ ಇದು ತಿರುಗುಮುರುಗು. ಕಣ್ಣು ಓಡುತ್ತಿದೆ, ಕಿವಿ ಸೋಫಾದ ಮೇಲೆ ಕೂತಿದೆ. ಅದೇ ಬಸ್ಸಿನ ಡ್ರೈವರ್‌ಗೆ ಏನೂ ಆಗುವುದಿಲ್ಲ, ಗಮನಿಸಿದ್ದೀರಾ? ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತು. ವಿಆರ್‌ನಲ್ಲೂ ತಾನೇ ನಡೆಸುವವರಿಗಿಂತ ಸುಮ್ನೆ ನೋಡುತ್ತ ಕೂತವರಿಗೆ ಸಾಮಾನ್ಯವಾಗಿ ಕಷ್ಟ ಜಾಸ್ತಿ.

ಒಳಕಿವಿಯ ಪಾತ್ರ ಎಷ್ಟು ದೊಡ್ಡದು ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಕಿವಿ ಕೇಳದವರಿಂದ. 1882ರಲ್ಲಿ ಹಾರ್ವರ್ಡ್‌ನ ವಿಲಿಯಂ ಜೇಮ್ಸ್ ಕಿವಿ ಕೇಳದ 519 ಮಂದಿಯನ್ನು ಗರಗರ ತಿರುಗಿಸಿದ ಪರೀಕ್ಷೆಗಳ ಫಲಿತಾಂಶ ಪ್ರಕಟಿಸಿದರು. 186 ಮಂದಿಗೆ ತಲೆ ಸುತ್ತಲೇ ಇಲ್ಲ. ಮುಂದೆ 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾ, ಕಿವಿ ಕೇಳದವರಿಗಾಗಿಯೇ ಇರುವ ವಾಷಿಂಗ್ಟನ್ನಿನ ಗ್ಯಾಲೊಡೆಟ್ ಕಾಲೇಜಿನ 11 ಮಂದಿಯ ಮೇಲೆ ಹತ್ತು ವರ್ಷ ಪ್ರಯೋಗ ನಡೆಸಿದವು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಚಿಕ್ಕಂದಿನಲ್ಲಿ ಮೆದುಳು ಜ್ವರದಿಂದ ಕೇಳುವ ಶಕ್ತಿ ಕಳೆದುಕೊಂಡವರು. ಒಳಕಿವಿಯ ಸಮತೋಲನದ ಅಂಗವೂ ಅದರ ಜೊತೆಗೇ ಹೋಗಿತ್ತು. ಕೆನಡಾದ ನೋವಾ ಸ್ಕೋಷಿಯಾ ಕರಾವಳಿಯ ಅಬ್ಬರದ ಕಡಲಿಗೆ ಅವರನ್ನು ಹಡಗಿನಲ್ಲಿ ಕರೆದೊಯ್ದಾಗ, ಅವರು ನೆಮ್ಮದಿಯಾಗಿ ಇಸ್ಪೀಟ್ ಆಡುತ್ತ ಕೂತರು. ಪ್ರಯೋಗ ಮಾಡಬೇಕಾದ ವಿಜ್ಞಾನಿಗಳೇ ವಾಂತಿ ಮಾಡಿಕೊಂಡು ಮಲಗಿ, ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಮನುಷ್ಯ ಬಾಹ್ಯಾಕಾಶಕ್ಕೆ ಹೋಗಿ ಬರಬಹುದು ಎಂಬ ತಿಳಿವಳಿಕೆಗೆ ಈ ಹನ್ನೊಂದು ಜನ ಕೊಟ್ಟ ಕಾಣಿಕೆ ಇನ್ನೂ ಹೆಚ್ಚು ಜನಕ್ಕೆ ಗೊತ್ತಾಗಬೇಕು.

ಸಿಮ್ಯುಲೇಟರ್, ಅಂದರೆ ನೆಲದ ಮೇಲೇ ಹಾರಾಟದ ಅನುಭವ ಕೊಡುವ ತರಬೇತಿ ಯಂತ್ರದ ಕಥೆ ಶುರುವಾಗುವುದೂ ಸರಿಸುಮಾರು ಆಗಲೇ. 1957ರಲ್ಲಿ ಅಮೆರಿಕದ ನೌಕಾಪಡೆಗಾಗಿ ಮಾಡಿದ ಒಂದು ಹೆಲಿಕಾಪ್ಟರ್ ತರಬೇತಿ ಯಂತ್ರದ ಪರೀಕ್ಷೆಯಲ್ಲಿ ಕೂತವರಿಗೆ ವಾಕರಿಕೆ ಬಂದದ್ದು ದಾಖಲಾಯಿತು. ಆಮೇಲೆ ಮಿಲ್ಲರ್ ಮತ್ತು ಗುಡ್ಸನ್ ಎಂಬ ಸಂಶೋಧಕರು ಅದೇ ಯಂತ್ರವನ್ನು ವಿವರವಾಗಿ ನೋಡಿ 1960ರಲ್ಲಿ ಪ್ರಕಟಿಸಿದ ಸಂಗತಿ ಯಾರೂ ಎಣಿಸಿದ್ದಲ್ಲ. ಹೊಸ ವಿದ್ಯಾರ್ಥಿಗಳಲ್ಲಿ ತೊಂದರೆಯಾದದ್ದು ಸುಮಾರು ಶೇ. 12 ಮಂದಿಗೆ. ಪಳಗಿದ ಬೋಧಕ ಪೈಲಟ್‌ಗಳಲ್ಲಿ ಶೇ. 60 ಮಂದಿಗೆ! ಒಬ್ಬ ಬೋಧಕನಿಗೆ ಎಷ್ಟು ದಿಕ್ಕು ತಪ್ಪಿತ್ತೆಂದರೆ, ಆಮೇಲೆ ಕಾರಿನಲ್ಲಿ ಹೋಗುವಾಗ ರಸ್ತೆ ಬದಿಗೆ ನಿಲ್ಲಿಸಿ, ಇಳಿದು ಓಡಾಡಿ, ಸುಧಾರಿಸಿಕೊಂಡು ಮುಂದೆ ಹೊರಡಬೇಕಾಯಿತು. ಕೊನೆಗೆ ಆ ಯಂತ್ರದ ಬಳಕೆಯನ್ನೇ ಕೈಬಿಟ್ಟರು. ಅದಕ್ಕೆ ಮುಖ್ಯ ಕಾರಣಗಳಲ್ಲಿ ಈ ವಾಕರಿಕೆಯೂ ಒಂದು.

ಅನುಭವಿಗೇ ಯಾಕೆ ಜಾಸ್ತಿ? ಹೆಲಿಕಾಪ್ಟರ್ ವಾಲಿದಾಗ ಮೈಗೆ ಹೇಗನಿಸಬೇಕು ಅಂತ ಬೋಧಕನ ದೇಹಕ್ಕೆ ಚೆನ್ನಾಗಿ ಗೊತ್ತು. ಪರದೆಯ ಮೇಲೆ ನೆಲ ವಾಲುತ್ತದೆ, ಮೈಗೆ ಬರಬೇಕಾದ ಅನುಭವ ಬರುವುದಿಲ್ಲ. ಹೊಸಬನಿಗೆ ಆ ನಿರೀಕ್ಷೆಯೇ ಇಲ್ಲ, ಹಾಗಾಗಿ ಘರ್ಷಣೆಯೂ ಕಡಿಮೆ. 1970ರ ದಶಕದಲ್ಲಿ ಬ್ರಿಟನ್ನಿನ ಜೇಮ್ಸ್ ರೀಸನ್ ಈ ವಿಚಾರಕ್ಕೆ ಒಂದು ರೂಪ ಕೊಟ್ಟರು. ಇಂದ್ರಿಯಗಳ ಸುದ್ದಿ ತಮ್ಮತಮ್ಮಲ್ಲಿ ಹೊಂದದಿರುವುದಷ್ಟೇ ಅಲ್ಲ, ಮಿದುಳು ಹಿಂದಿನ ಅನುಭವದಿಂದ ಕಾದಿದ್ದಕ್ಕೂ ಹೊಂದುವುದಿಲ್ಲ ಎಂಬುದು ಅವರ ವಾದ. ಅದಕ್ಕೆ ವಾಂತಿಯೇ ಯಾಕೆ ಆಗಬೇಕು ಅನ್ನುವುದಕ್ಕೆ 1977ರಲ್ಲಿ ಮೈಕೆಲ್ ಟ್ರೀಸ್‌ಮನ್ ಒಂದು ಊಹೆ ಮುಂದಿಟ್ಟರು. ಕಣ್ಣು ಕಿವಿಗಳು ತಾಳ ತಪ್ಪಿದರೆ ವಿಷ ತಿಂದಿರಬಹುದು ಅಂತ ದೇಹ ಅಂದುಕೊಂಡು ಹೊರಹಾಕುತ್ತದೆ ಅಂತ. ಎಲ್ಲರೂ ಇದನ್ನು ಒಪ್ಪಿಲ್ಲ.

ನನಗೆ ಇವುಗಳಿಗಿಂತ ಮುಖ್ಯ ಅನಿಸುವುದು ಸಮತೋಲನದ ಕಡೆಯಿಂದ ಬಂದ ಯೋಚನೆ. 1974ರಲ್ಲಿ ಎಡಿನ್‌ಬರೋದಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್ಸನ್ ಆಗಷ್ಟೇ ನಿಲ್ಲಲು ಕಲಿತ ಮಕ್ಕಳನ್ನು ಒಂದು ಸಣ್ಣ ಕೋಣೆಯಲ್ಲಿ ನಿಲ್ಲಿಸಿದರು. ನೆಲ ಹಾಗೇ ಇತ್ತು, ಗೋಡೆಗಳನ್ನು ಮಾತ್ರ ಸರಿಸಿದರು. ಮಕ್ಕಳು ತೂರಾಡಿದರು, ಬಿದ್ದರು. ನಿಲ್ಲುವುದಕ್ಕೆ ಕಾಲಿನಷ್ಟೇ ಕಣ್ಣೂ ಬೇಕು. 1991ರಲ್ಲಿ ರಿಚ್ಚಿಯೊ ಮತ್ತು ಸ್ಟಾಫ್ರೆಗನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಘರ್ಷಣೆಗಿಂತ, ಮೈಯನ್ನು ಸ್ಥಿರವಾಗಿ ಇಟ್ಟುಕೊಳ್ಳಲು ಆಗದಿರುವುದೇ ವಾಕರಿಕೆಗೆ ಕಾರಣ ಅಂದರು. ವಾಕರಿಕೆ ಶುರುವಾಗುವ ಮುಂಚೆಯೇ ಮೈಯ ಸಣ್ಣ ಓಲಾಟ ಬದಲಾಗುತ್ತದೆ ಅಂತ ಆಮೇಲಿನ ಪ್ರಯೋಗಗಳು ತೋರಿಸಿದವು.

1993ರಲ್ಲಿ ರಾಬರ್ಟ್ ಕೆನಡಿ ಮತ್ತು ಜೊತೆಗಾರರು ಸಿಮ್ಯುಲೇಟರ್‌ನಲ್ಲಿ ಆಗುವ ಈ ತೊಂದರೆಯನ್ನು ಅಳೆಯಲು 16 ಲಕ್ಷಣಗಳ ಒಂದು ಪ್ರಶ್ನಾವಳಿ ಮಾಡಿದರು. ಇವತ್ತಿಗೂ ಅಳತೆಗೋಲು ಅದೇ. ಅದೇ ವರ್ಷ ಸೆಗಾ ಕಂಪನಿ ಮನೆಯಲ್ಲಿ ಆಡುವ ವಿಆರ್ ಹೆಡ್‌ಸೆಟ್ ಪ್ರದರ್ಶಿಸಿತು, ಆದರೆ ಅಂಗಡಿಗೆ ಬಿಡಲೇ ಇಲ್ಲ.

2013ರಲ್ಲಿ ತಂತ್ರಜ್ಞರ ಕೈಗೆ ಬಂದ ಆಕ್ಯುಲಸ್ ಕಂಪನಿಯ ಮೊದಲ ಹೆಡ್‌ಸೆಟ್ ತಲೆ ತಿರುಗಿದ್ದನ್ನು ಗುರುತಿಸುತ್ತಿತ್ತು, ಮುಂದಕ್ಕೆ ಬಾಗಿದ್ದನ್ನು ಗುರುತಿಸುತ್ತಿರಲಿಲ್ಲ. ನೀವು ಬಾಗಿದರೆ ಇಡೀ ಲೋಕವೇ ನಿಮ್ಮ ಜೊತೆ ಬಾಗುತ್ತಿತ್ತು. ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತಿತ್ತು. 2016ರಲ್ಲಿ ಮಾರುಕಟ್ಟೆಗೆ ಬಂದ ಆಕ್ಯುಲಸ್ ರಿಫ್ಟ್ ಮತ್ತು ಎಚ್‌ಟಿಸಿ ವೈವ್ 90 ಸಲಕ್ಕೆ ಏರಿದವು, ಬಾಗಿದ್ದನ್ನೂ ಹಿಡಿದವು. ತಲೆ ಅಲ್ಲಾಡಿಸಿದ 20 ಮಿಲಿಸೆಕೆಂಡಿನೊಳಗೆ ಚಿತ್ರ ಬದಲಾಗಬೇಕು ಅನ್ನುವುದು ಗುರಿಯಾಯಿತು. ಇದರಿಂದ ನಿಜಕ್ಕೂ ಉಪಯೋಗವಾಯಿತು. ಆದರೆ ಕುರ್ಚಿಯಲ್ಲಿ ಕೂತು ಪರದೆಯಲ್ಲಿ ಓಡಿದರೆ ಕಿವಿಗೆ ಬರಬೇಕಾದ ಸುದ್ದಿ ಎಷ್ಟು ವೇಗದ ಪರದೆ ಹಾಕಿದರೂ ಬರುವುದಿಲ್ಲ, ಅಲ್ವಾ? ಅದಕ್ಕೇ ಆಟ ಮಾಡುವವರು ಅಡ್ಡದಾರಿ ಹುಡುಕಿದರು. ನಡೆಸುವ ಬದಲು ಆಡುವವರನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಥಟ್ಟನೆ ದಾಟಿಸುವುದು, ಚಲಿಸುವಾಗ ನೋಟದ ಅಂಚನ್ನು ಕಪ್ಪಾಗಿಸುವುದು, ಇಂಥವು.

2017ರಲ್ಲಿ ಸ್ಟಾಫ್ರೆಗನ್ ತಂಡ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಹೇಳಲೇಬೇಕು. 18 ಹೆಂಗಸರು, 18 ಗಂಡಸರು 15 ನಿಮಿಷದವರೆಗೆ ರಿಫ್ಟ್‌ನಲ್ಲಿ ಓಡಾಡುವ ಒಂದು ಆಟ ಆಡಿದರು. ವಾಕರಿಕೆ ಬಂದದ್ದು 14 ಹೆಂಗಸರಿಗೆ, 6 ಗಂಡಸರಿಗೆ. 'ಹೆಂಗಸರಿಗೆ ತಡೆದುಕೊಳ್ಳಲು ಆಗುವುದಿಲ್ಲ' ಅಂತ ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭ. 2020ರಲ್ಲಿ ಕೇ ಸ್ಟಾನಿ ಮತ್ತು ಜೊತೆಯವರು ಹೆಡ್‌ಸೆಟ್ಟನ್ನೇ ಅಳೆದು ನೋಡಿದರು. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಹೆಂಗಸರಲ್ಲಿ ಸರಾಸರಿ ಸ್ವಲ್ಪ ಕಡಿಮೆ. ಬಹಳಷ್ಟು ಹೆಂಗಸರಿಗೆ ಹೊಂದುವಷ್ಟು ಹತ್ತಿರಕ್ಕೆ ಹೆಡ್‌ಸೆಟ್ಟಿನ ಲೆನ್ಸುಗಳು ಬರುತ್ತಲೇ ಇರಲಿಲ್ಲ. ಸರಿಯಾಗಿ ಹೊಂದಿದವರಲ್ಲಿ ಹೆಣ್ಣು ಗಂಡಿನ ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲವಾಯಿತು. ಆ ವರ್ಷವೇ ಬಂದ, ಭಾರಿ ಮಾರಾಟವಾದ ಕ್ವೆಸ್ಟ್ 2 ಹೆಡ್‌ಸೆಟ್ಟಿನಲ್ಲಿ ಲೆನ್ಸುಗಳ ಅಂತರಕ್ಕೆ ಆಯ್ಕೆ ಇದ್ದದ್ದು ಮೂರೇ: 58, 63, 68 ಮಿಲಿಮೀಟರ್. ನನಗೆ ಸಿಟ್ಟು ಬರುವುದು ಇಲ್ಲಿ. ಯಂತ್ರದ ಕೊರತೆಯನ್ನು ಇಷ್ಟು ವರ್ಷ ಹಾಕಿಕೊಂಡವರ ತಲೆಗೆ ಕಟ್ಟಿದ್ದಾರೆ.

ಅಭ್ಯಾಸದಿಂದ ಇದು ಕಡಿಮೆಯಾಗುತ್ತದೆ ಅನ್ನುವುದು ನಿಜ. ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ, ವಿಮಾನದಲ್ಲಿ ವಾಂತಿ ಬರುವ ತರಬೇತಿ ಪೈಲಟ್‌ಗಳನ್ನು ಸ್ವಲ್ಪಸ್ವಲ್ಪವಾಗಿ ಚಲನೆಗೆ ಒಗ್ಗಿಸುತ್ತಾರೆ. ಗಗನಯಾನಕ್ಕೆ ಆಯ್ಕೆಯಾದವರ ವೈದ್ಯಕೀಯ ಪರೀಕ್ಷೆ ನಡೆದದ್ದೂ ಅಲ್ಲೇ. ಒಗ್ಗಿಸುವ ಕ್ರಮದ ಜೀವಾಳ ನಿಧಾನ. ವಾಕರಿಕೆ ಬಂದ ಮೇಲೂ ಹಲ್ಲುಕಚ್ಚಿ ಮುಂದುವರಿಸಿದರೆ ಮುಂದಿನ ಸಲ ಹೆಡ್‌ಸೆಟ್ ನೋಡಿದರೇ ಹೊಟ್ಟೆ ತೊಳಸಬಹುದು.

ಇನ್ನೊಂದು ವಿಷಯ, ಇದು ಹೆಡ್‌ಸೆಟ್ ತೆಗೆದ ತಕ್ಷಣ ಮುಗಿಯುವುದಿಲ್ಲ. ಕೆಲವರಿಗೆ ಗಂಟೆಗಟ್ಟಲೆ ತಲೆ ತೇಲಿದ ಹಾಗೆ, ನಡಿಗೆ ಅಸ್ಥಿರ. ಅಮೆರಿಕದ ಸೇನೆಯ ಕೆಲವು ಘಟಕಗಳಲ್ಲಿ ಸಿಮ್ಯುಲೇಟರ್‌ನಲ್ಲಿ ತೊಂದರೆಯಾದ ಪೈಲಟ್‌ಗಳು 12 ಗಂಟೆಯೋ ಒಂದು ದಿನವೋ ವಿಮಾನ ಹಾರಿಸುವಂತಿಲ್ಲ. ಈಗ ಕಾರ್ಖಾನೆಯ ಸುರಕ್ಷತಾ ತರಬೇತಿಗೂ ಕಾಲೇಜಿನ ಲ್ಯಾಬಿಗೂ ವಿಆರ್ ಬರುತ್ತಿದೆ. ತರಬೇತಿ ಮುಗಿಸಿದವರು ನೇರ ಪಾರ್ಕಿಂಗ್‌ಗೆ ಹೋಗಿ ಸ್ಕೂಟರ್ ಹತ್ತುವ ಮುಂಚೆ ಅರ್ಧ ಗಂಟೆ ಕೂರಲು ಒಂದು ಜಾಗ ಇರಬೇಕು. ಮೊದಲ ಬೆವರಿಗೇ ಹೆಡ್‌ಸೆಟ್ ತೆಗೆದು 'ನನಗೆ ಸಾಕು' ಅಂದವರಿಗೆ ಅಂಕ ಕಡಿಮೆ ಮಾಡಬಾರದು. ಅವರಿಗೆ ಅದೇ ಪಾಠವನ್ನು ಮಾಮೂಲಿ ಪರದೆಯ ಮೇಲೆ ತೋರಿಸಿದರೂ ಆಗುತ್ತದೆ.