ಬೆಲ್ಲ, ಗೋಧಿ ಹಿಟ್ಟು ಹಾಕಿದರೆ ಲೋಫ್ ಕೇಕಿನ ಕ್ಯಾಲೊರಿ ಇಳಿಯುತ್ತದೆಯೇ?

ಓದುಗರ ಪ್ರಶ್ನೆ: ಸಿಹಿಗುಂಬಳದ ತಿರುಳಿಗೆ ಚಕ್ಕೆ, ಒಣಶುಂಠಿ, ಲವಂಗದ ಪುಡಿ ಸೇರಿಸಿ ಮನೆಯಲ್ಲೇ ಲೋಫ್ ಕೇಕ್ ಮಾಡುತ್ತೇನೆ. ಕ್ಯಾಲೊರಿ ಕಡಿಮೆಯಾಗಲೆಂದು ಮೈದಾ ಬಿಟ್ಟು ಗೋಧಿ ಹಿಟ್ಟು, ಸಕ್ಕರೆ ಬಿಟ್ಟು ಬೆಲ್ಲ ಹಾಕತೊಡಗಿದ್ದೇನೆ. ಇಷ್ಟು ಸಾಕೇ? ಒಮ್ಮೆ ಎಣ್ಣೆಯನ್ನೂ ಪೂರ್ತಿ ಬಿಟ್ಟು ಮಾಡಿದಾಗ ಲೋಫ್ ಒಳಗೆ ಜಿಗುಟಾಗಿ, ಮೇಲೆ ಗಟ್ಟಿಯಾಗಿ, ತಿನ್ನಲು ಬಾರದಂತಾಯಿತು. ಸರಿಯಾದ ದಾರಿ ಯಾವುದು?

ಉತ್ತರ: ಇಷ್ಟು ಸಾಕಾಗುವುದಿಲ್ಲ. ಒಂದು ಗ್ರಾಂ ಸಕ್ಕರೆಯಲ್ಲಿ ಸುಮಾರು 4 ಕ್ಯಾಲೊರಿ ಇದೆ. ಬೆಲ್ಲದಲ್ಲಿ ಸುಮಾರು 3.8. ಮೈದಾದಲ್ಲಿ ಗ್ರಾಮಿಗೆ 3.5ರಷ್ಟಿದ್ದರೆ ಗೋಧಿ ಹಿಟ್ಟಿನಲ್ಲಿ 3.4ರ ಆಸುಪಾಸು. ಈ ಅಂಕಿಗಳು ಬೆಳೆ, ತಳಿ, ತೇವಾಂಶಗಳಿಗೆ ತಕ್ಕಂತೆ ಅಷ್ಟಿಷ್ಟು ಹೆಚ್ಚುಕಡಿಮೆಯಾಗುತ್ತವಾದರೂ ಒಟ್ಟು ಚಿತ್ರ ಬದಲಾಗುವುದಿಲ್ಲ. ಅಮೆರಿಕದ ಮನೆಗಳಿಂದ ಹಬ್ಬಿ ನಮ್ಮಲ್ಲಿಗೂ ಬಂದಿರುವ ಪಂಪ್ಕಿನ್ ಬ್ರೆಡ್ಡಿನ ಮಾದರಿಯಲ್ಲಿ ಒಂದು ಲೋಫ್ ಮಾಡಿದರೆ ಅದಕ್ಕೆ 240 ಗ್ರಾಂ ಮೈದಾ, 250 ಗ್ರಾಂ ಸಕ್ಕರೆ, 150 ಗ್ರಾಂ ಎಣ್ಣೆ, ಎರಡು ಮೊಟ್ಟೆ ಮತ್ತು 250 ಗ್ರಾಂ ಕುಂಬಳದ ತಿರುಳು ಹೋಗುತ್ತದೆ ಎಂದಿಟ್ಟುಕೊಳ್ಳಿ. ಮೈದಾದಿಂದ 840, ಸಕ್ಕರೆಯಿಂದ 1000, ಎಣ್ಣೆಯಿಂದ 1350, ಮೊಟ್ಟೆಗಳಿಂದ 140, ಕುಂಬಳದಿಂದ 60: ಒಟ್ಟು ಸುಮಾರು 3390 ಕ್ಯಾಲೊರಿ. ಹನ್ನೆರಡು ತುಂಡು ಮಾಡಿದರೆ ತುಂಡೊಂದಕ್ಕೆ 280ಕ್ಕೂ ಸ್ವಲ್ಪ ಹೆಚ್ಚು. ಇದರಲ್ಲಿ ಮೈದಾ ತೆಗೆದು ಅಷ್ಟೇ ಗೋಧಿ ಹಿಟ್ಟನ್ನೂ ಸಕ್ಕರೆ ತೆಗೆದು ಅಷ್ಟೇ ಬೆಲ್ಲವನ್ನೂ ಹಾಕಿದರೆ ಇಡೀ ಲೋಫಿನಲ್ಲಿ ಉಳಿತಾಯವಾಗುವುದು 75 ಕ್ಯಾಲೊರಿ, ಅಂದರೆ ತುಂಡಿಗೆ ಆರು. ಅರ್ಧ ಟೀ ಚಮಚ ಸಕ್ಕರೆಯಷ್ಟೂ ಅಲ್ಲ.

ಹಾಗೆಂದು ಬೆಲ್ಲ, ಗೋಧಿ ಹಿಟ್ಟು ವ್ಯರ್ಥವೆಂದು ತಿಳಿಯಬೇಕಿಲ್ಲ. ಗೋಧಿ ಹಿಟ್ಟಿನಲ್ಲಿ ನಾರಿನಂಶ ಮೈದಾಕ್ಕಿಂತ ಹಲವು ಪಟ್ಟು ಹೆಚ್ಚಿರುವುದರಿಂದ ಒಂದು ತುಂಡಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಬೆಲ್ಲಕ್ಕೆ ತನ್ನದೇ ಆದ ಗಾಢ ರುಚಿಯಿದೆ. ಅದರಲ್ಲಿರುವ ಗ್ಲುಕೋಸ್, ಫ್ರಕ್ಟೋಸ್‌ಗಳು ತೇವವನ್ನು ಹಿಡಿದಿಡುತ್ತವೆ. ಇವು ಬಳಸಲು ಒಳ್ಳೆಯ ಕಾರಣಗಳೇ, ಆದರೆ ಕ್ಯಾಲೊರಿ ಆ ಕಾರಣಗಳಲ್ಲಿ ಒಂದಲ್ಲ. ಬೆಲ್ಲದಲ್ಲಿ ಕಬ್ಬಿಣದಂಥ ಖನಿಜಗಳಿವೆಯೆಂಬ ಮಾತು ನಿಜವಾದರೂ ಮಧುಮೇಹ ಇರುವವರು ಬೆಲ್ಲವನ್ನು ಸಕ್ಕರೆಯಂತೆಯೇ ಲೆಕ್ಕಕ್ಕೆ ಹಿಡಿಯಬೇಕು. ಜೇನುತುಪ್ಪಕ್ಕೂ ಇದೇ ಮಾತು ಸಲ್ಲುತ್ತದೆ. ಅದರಲ್ಲಿ ನೀರಿನಂಶ ಇರುವುದರಿಂದ ತೂಕದ ಲೆಕ್ಕದಲ್ಲಿ ಕ್ಯಾಲೊರಿ ಸ್ವಲ್ಪ ಕಡಿಮೆ ಕಾಣುತ್ತದೆ, ಅಷ್ಟೆ.

ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿದರೆ ಎಲ್ಲಿ ಕೈಹಾಕಬೇಕೆಂಬುದು ತಾನಾಗಿ ತಿಳಿಯುತ್ತದೆ. 3390ರಲ್ಲಿ 2350 ಬಂದಿರುವುದು ಎಣ್ಣೆ ಮತ್ತು ಸಕ್ಕರೆಯಿಂದ. ಆದ್ದರಿಂದ ಪದಾರ್ಥ ಬದಲಿಸುವುದಕ್ಕಿಂತ ಈ ಎರಡರ ಪ್ರಮಾಣವನ್ನು ಇಳಿಸುವುದೇ ನಿಜವಾದ ಕೆಲಸ. ನಿಮ್ಮ ಲೋಫ್ ಕೆಟ್ಟದ್ದೂ ಇಲ್ಲಿಯೇ: ಎಣ್ಣೆಯನ್ನು ತೆಗೆದಿರಿ, ಆದರೆ ಎಣ್ಣೆ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಕ್ಕೂ ವಹಿಸಲಿಲ್ಲ.

ಎಣ್ಣೆಯಾಗಲಿ ಬೆಣ್ಣೆಯಾಗಲಿ ಹಿಟ್ಟಿನ ಕಣಗಳ ಮೇಲೆ ತೆಳುವಾಗಿ ಹರಡಿಕೊಂಡು, ಹಿಟ್ಟಿನ ಪ್ರೋಟೀನು ನೀರಿನೊಡನೆ ಸೇರಿ ಜಿಗುಟು ಗ್ಲುಟನ್ ಆಗುವುದನ್ನು ತಡೆಯುತ್ತದೆ. ಚಪಾತಿಗೆ ಬೇಕಾದ ಆ ಎಳೆತವೇ ಕೇಕಿಗೆ ಶತ್ರು. ಸಕ್ಕರೆಯೂ ಬರಿಯ ಸಿಹಿಯಲ್ಲ. ಅದು ನೀರನ್ನು ತನ್ನತ್ತ ಸೆಳೆದುಕೊಂಡು ಗ್ಲುಟನ್ ಬೆಳೆಯಲು ಬಿಡುವುದಿಲ್ಲ, ಪಿಷ್ಟ ಬೇಗನೆ ಗಟ್ಟಿಯಾಗದಂತೆ ತಡೆದು ಲೋಫ್ ಉಬ್ಬಲು ಸಮಯ ಕೊಡುತ್ತದೆ, ಮೇಲ್ಪದರಕ್ಕೆ ಕಂದು ಬಣ್ಣ ತರುತ್ತದೆ, ಬೆಂದ ಮೇಲೂ ತೇವ ಆರದಂತೆ ಕಾಯುತ್ತದೆ. ಎಣ್ಣೆ, ಸಕ್ಕರೆ ಎರಡನ್ನೂ ಒಟ್ಟಿಗೆ ಕಡಿದು, ಬದಲಿಗೆ ನೀರಿನಂಶದ ತಿರುಳನ್ನು ಹೆಚ್ಚಿಸಿ, ಅದರ ಮೇಲೆ ಪೂರ್ತಿ ಗೋಧಿ ಹಿಟ್ಟು ಹಾಕಿ ಚೆನ್ನಾಗಿ ಕಲಸಿದರೆ ಲೋಫ್ ಜಿಗುಟಾಗದೆ ಇನ್ನೇನಾಗಬೇಕು?

ಕೊಬ್ಬನ್ನು ಬಿಟ್ಟು ಮಾಡಿದ ಮಸಾಲೆ ಲೋಫ್‌ಗಳು ಇಲ್ಲವೆಂದಲ್ಲ. ಫ್ರಾನ್ಸಿನ ಡಿಜಾನ್ ಊರಿನ ಹೆಸರಾಂತ ಪ್ಯಾನ್ ದೆಪಿಸ್ ಸಾಂಪ್ರದಾಯಿಕವಾಗಿ ಹಿಟ್ಟು, ಜೇನುತುಪ್ಪ, ಮಸಾಲೆಗಳಿಂದಲೇ ಆಗುತ್ತದೆ, ಬೆಣ್ಣೆ ಬೇಡ. ಡಚ್ಚರು ಬೆಳಗಿನ ತಿಂಡಿಗೆ ತಿನ್ನುವ ಓಂಟ್‌ಬೈಟ್‌ಕೂಕ್ ಎಂಬ ರೈ ಹಿಟ್ಟಿನ ಲೋಫ್ ಕೂಡ ಹಳೆಯ ಕ್ರಮದಲ್ಲಿ ಕೊಬ್ಬಿಲ್ಲದ್ದೇ. ಆದರೆ ಇವೆರಡೂ ಮೆತ್ತಗಿರುವುದು ಜೇನು ಅಥವಾ ಪಾಕ ಧಾರಾಳವಾಗಿರುವುದರಿಂದ. ಒಂದನ್ನು ಬಿಟ್ಟಿದ್ದಾರೆ, ಎರಡನ್ನೂ ಬಿಟ್ಟಿಲ್ಲ. ನಮ್ಮ ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಾಡುವ ಸೌತೆಕಾಯಿಯ ಸಿಹಿ ಕಡುಬಿನಲ್ಲಿ ತರಕಾರಿಯ ತೇವ ಮತ್ತು ಕಾಯಿತುರಿ ಮೃದುತ್ವ ಕೊಡುತ್ತವೆ, ಹಬೆ ಅದನ್ನು ಒಣಗಲು ಬಿಡುವುದಿಲ್ಲ. ಒಲೆಯ ಒಣ ಶಾಖದಲ್ಲಿ ಆ ಅನುಕೂಲ ಇಲ್ಲ. ಆದ್ದರಿಂದ ಎಣ್ಣೆಯನ್ನು ಸೊನ್ನೆಗೆ ಇಳಿಸಬೇಡಿ ಎಂಬುದು ನನ್ನ ಸಲಹೆ. ಒಂದು ಲೋಫಿಗೆ 40 ಗ್ರಾಂ, ಎಂದರೆ ಸುಮಾರು ಮೂರು ದೊಡ್ಡ ಚಮಚ, ಇರಲಿ. ಅದಕ್ಕಿಂತ ಕೆಳಗೆ ಹೋದಷ್ಟೂ ಉಳಿಯುವ ಕ್ಯಾಲೊರಿಗಿಂತ ಕೆಡುವ ಲೋಫೇ ಹೆಚ್ಚು.

ನಾನು ಸೂಚಿಸುವ ಅಳತೆ ಹೀಗಿದೆ. ಮೈದಾ 110 ಗ್ರಾಂ, ಗೋಧಿ ಹಿಟ್ಟು 110 ಗ್ರಾಂ, ಬೆಲ್ಲದ ಪುಡಿ 120 ಗ್ರಾಂ, ಎಣ್ಣೆ 40 ಗ್ರಾಂ, ಮೊಟ್ಟೆ ಎರಡು, ಸಿಹಿಗುಂಬಳದ ಗಟ್ಟಿ ತಿರುಳು 200 ಗ್ರಾಂ, ಮೊಸರು 60 ಗ್ರಾಂ. ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಇದರ ಒಟ್ಟು ಮೊತ್ತ ಸುಮಾರು 1800 ಕ್ಯಾಲೊರಿ, ಹನ್ನೆರಡು ತುಂಡಿಗೆ ಹಂಚಿದರೆ ತಲಾ 150. ಆದರೆ ಈ ಅಂಕಿಯನ್ನು ನೋಡಿ ಅರ್ಧಕ್ಕರ್ಧ ಇಳಿಯಿತೆಂದು ಹಿಗ್ಗಬಾರದು, ಏಕೆಂದರೆ ಲೋಫ್ ಕೂಡ ಚಿಕ್ಕದಾಗಿದೆ, ತುಂಡೂ ಚಿಕ್ಕದು. ಕಲಸಿದ ಹಿಟ್ಟನ್ನು ಸಮತೂಕಕ್ಕೆ ಹೋಲಿಸಿದರೆ 100 ಗ್ರಾಮಿಗೆ ಮೊದಲಿನದರಲ್ಲಿ 340ರಷ್ಟಿದ್ದದ್ದು ಇದರಲ್ಲಿ 245ರ ಹತ್ತಿರ ಬರುತ್ತದೆ. ಕಾಲು ಭಾಗಕ್ಕಿಂತ ತುಸು ಹೆಚ್ಚಿನ ಇಳಿಕೆ. ಬಹಳಷ್ಟು ‘ಲೈಟ್’ ಪಾಕವಿಧಾನಗಳು ತುಂಡಿನ ಗಾತ್ರವನ್ನು ಹೇಳದೆ ಬರಿಯ ಕ್ಯಾಲೊರಿ ಹೇಳುವುದು ಇದೇ ಕಾರಣಕ್ಕೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಕುಂಬಳದ ತಿರುಳು. ಹೋಳುಗಳನ್ನು ನೀರಿನಲ್ಲಿ ಕುದಿಸಿದರೆ ಅವು ನೀರು ಕುಡಿದು ಸಪ್ಪೆಯಾಗುತ್ತವೆ, ಲೋಫಿನ ತಳದಲ್ಲಿ ಹಸಿ ಪದರ ನಿಲ್ಲುತ್ತದೆ. ಸಿಪ್ಪೆ ಸಹಿತ ದೊಡ್ಡ ಹೋಳುಗಳನ್ನು ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟು, ಚಾಕು ಸಲೀಸಾಗಿ ಇಳಿಯುವಷ್ಟು ಬೇಯಿಸಿ. ಆರಿದ ಮೇಲೆ ಚಮಚದಿಂದ ತಿರುಳು ಕೆರೆದು ನಯವಾಗಿ ಮಸೆಯಿರಿ. ಆಮೇಲೆ ಎಣ್ಣೆ ಹಾಕದೆ ಅಗಲ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತಿರಬೇಕು. ಮೊದಲು ಅಂಚಿನಲ್ಲಿ ನೀರು ಬಿಟ್ಟು ಪಟಪಟ ಸಿಡಿಯುತ್ತದೆ; ನೀರು ಹಿಂಗಿದಂತೆ ಸದ್ದು ತಗ್ಗಿ, ಬಣ್ಣ ಗಾಢವಾಗಿ, ಮರದ ಸೌಟು ಎಳೆದ ಗೆರೆ ಬಾಣಲೆಯ ತಳದಲ್ಲಿ ಮುಚ್ಚಿಕೊಳ್ಳದೆ ನಿಲ್ಲುತ್ತದೆ. ಅಲ್ಲಿಗೆ ಇಳಿಸಿ, ತೂಕ ಮಾಡಿ. ಹೀಗೆ ನೀರು ಹಾರಿಸಿದ ತಿರುಳಿನಲ್ಲಿ ಕುಂಬಳದ ಸ್ವಂತ ಸಿಹಿ ದಟ್ಟವಾಗಿರುತ್ತದೆ. ಉತ್ತರ ಕರ್ನಾಟಕದಲ್ಲಿ ಕುಂಬಳಕಾಯಿಯ ಗಾರಿಗೆ ಮಾಡುವವರಿಗೆ ಈ ತಿರುಳಿನ ಹದವೂ ಬೆಲ್ಲದೊಡನೆ ಅದರ ಜೋಡಿಯೂ ಹೊಸದೇನಲ್ಲ. ಕುಂಬಳ ಸಿಗದಿದ್ದರೆ ಕಳಿತ ಬಾಳೆಹಣ್ಣು ಆಗುತ್ತದೆ, ಆದರೆ 100 ಗ್ರಾಂ ಬಾಳೆಹಣ್ಣಿನಲ್ಲಿ 90ರಷ್ಟು ಕ್ಯಾಲೊರಿ ಇರುವುದರಿಂದ ಬೆಲ್ಲವನ್ನು 30 ಗ್ರಾಂ ತಗ್ಗಿಸಿ.

ತಿರುಳು ಆರಿದ ಮೇಲೆ ಮೊಸರಿನೊಡನೆ ಬೆರೆಸಿ, ಅದರಲ್ಲಿ ಗೋಧಿ ಹಿಟ್ಟನ್ನಷ್ಟೇ ಕಲಸಿ ಇಪ್ಪತ್ತು ನಿಮಿಷ ಬಿಡಿ. ನಮ್ಮ ಗಿರಣಿಯ ಗೋಧಿ ಹಿಟ್ಟು ಮೈದಾಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ, ಅದರ ತೌಡು ನೆನೆಯಲು ಸಮಯ ಬೇಕು; ನೆನೆಯದಿದ್ದರೆ ಒಲೆಯೊಳಗೆ ತೇವ ಹೀರಿಕೊಂಡು ಲೋಫನ್ನು ಒಣಗಿಸುತ್ತದೆ. ಸೋಡಾ, ಬೇಕಿಂಗ್ ಪೌಡರ್ ಈ ಹಂತದಲ್ಲಿ ಬೇಡ. ಮೊಸರಿನ ಹುಳಿ ತಾಗಿದ ಕೂಡಲೇ ಸೋಡಾ ಕೆಲಸ ಶುರುಮಾಡಿ, ಒಲೆಗೆ ಹೋಗುವ ಹೊತ್ತಿಗೆ ಸುಸ್ತಾಗಿರುತ್ತದೆ.

ಇನ್ನು ಮಸಾಲೆ. ಸಿಹಿ ತಗ್ಗಿಸಿದ ಲೋಫಿನಲ್ಲಿ ಇದನ್ನು ಕೈಬಿಗಿ ಹಿಡಿಯಬಾರದು: ಚಕ್ಕೆ ಪುಡಿ ಎರಡು ಟೀ ಚಮಚ, ಒಣಶುಂಠಿ ಒಂದು, ಏಲಕ್ಕಿ ಅರ್ಧ, ಲವಂಗ ಮತ್ತು ಜಾಯಿಕಾಯಿ ಕಾಲು ಕಾಲು. ಚಕ್ಕೆ, ಏಲಕ್ಕಿ, ಜಾಯಿಕಾಯಿಗಳ ಪರಿಮಳವನ್ನು ನಾವು ಸಿಹಿತಿಂಡಿಗಳ ಜೊತೆಗೇ ಅನುಭವಿಸಿ ಬೆಳೆದಿರುವುದರಿಂದ ಆ ಪರಿಮಳ ಮೂಗಿಗೆ ತಾಗಿದರೆ ನಾಲಿಗೆಗೆ ಇದ್ದದ್ದಕ್ಕಿಂತ ಹೆಚ್ಚು ಸಿಹಿ ಅನ್ನಿಸುತ್ತದೆ. ಈ ಸುವಾಸನೆಯ ಅಂಶಗಳು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುವಂಥವು. ಎಣ್ಣೆ ಕಡಿಮೆ ಹಾಕಿದ ಲೋಫ್ ಸಪ್ಪೆಯೆನಿಸುವುದಕ್ಕೆ ಇದೂ ಒಂದು ಕಾರಣ. ಅದಕ್ಕೆ ಪರಿಹಾರ ಒಗ್ಗರಣೆಯ ಮನೆಯವರಿಗೆ ಹೇಳಿಕೊಡಬೇಕಾದದ್ದಲ್ಲ: ಆ 40 ಗ್ರಾಂ ಎಣ್ಣೆಯನ್ನು ಬೆರಳಿಗೆ ಬಿಸಿ ತಾಗುವಷ್ಟು ಮಾತ್ರ ಕಾಯಿಸಿ, ಉರಿ ಆರಿಸಿ, ಪುಡಿಗಳನ್ನು ಅದರಲ್ಲಿ ಬೆರೆಸಿ ಆರಲು ಬಿಡಿ. ಹೊಗೆಯಾಡುವಷ್ಟು ಕಾಯಿಸಿದರೆ ಪುಡಿ ಸೀದು ಲವಂಗದ ಕಹಿ ಮುಂದಾಗುತ್ತದೆ.

ಮೊಟ್ಟೆ, ಬೆಲ್ಲದ ಪುಡಿ, ಮಸಾಲೆ ಎಣ್ಣೆಗಳನ್ನು ಚೆನ್ನಾಗಿ ಕದಡಿ ನೆನೆದ ಮಿಶ್ರಣಕ್ಕೆ ಸೇರಿಸಿ. ಮೈದಾ, ಉಪ್ಪು, ಸೋಡಾ, ಬೇಕಿಂಗ್ ಪೌಡರ್‌ಗಳನ್ನು ಜರಡಿ ಹಿಡಿದು ಕೊನೆಗೆ ಹಾಕಿ, ಒಣ ಹಿಟ್ಟು ಕಾಣದಾದ ಕ್ಷಣವೇ ಕೈ ನಿಲ್ಲಿಸಿ. ಸಣ್ಣ ಗಂಟುಗಳಿದ್ದರೆ ಇರಲಿ. ತಡೆಯಲು ಎಣ್ಣೆ ಸಕ್ಕರೆ ಕಡಿಮೆ ಇರುವಾಗ ಹೆಚ್ಚು ತಿರುವಿದಷ್ಟೂ ಗ್ಲುಟನ್ ಬೆಳೆಯುತ್ತದೆ. 8 ಇಂಚು ಉದ್ದ, 4 ಇಂಚು ಅಗಲದ ಟಿನ್ನಿಗೆ ಬೆಣ್ಣೆ ಕಾಗದ ಹಾಸಿ ಹಿಟ್ಟು ಸುರಿದು, ಮೊದಲೇ ಕಾದಿರುವ ಓಟಿಜಿಯಲ್ಲಿ (ಮನೆಬಳಕೆಯ ವಿದ್ಯುತ್ ಓವನ್) 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 45ರಿಂದ 55 ನಿಮಿಷ ಬೇಯಿಸಿ. 40ನೆಯ ನಿಮಿಷದಿಂದಲೇ ಕಡ್ಡಿ ಚುಚ್ಚಿ ನೋಡಲು ಆರಂಭಿಸುವುದು ಕ್ಷೇಮ, ಏಕೆಂದರೆ ಕೊಬ್ಬು ಕಡಿಮೆಯಿರುವ ಲೋಫ್ ಐದು ನಿಮಿಷ ಹೆಚ್ಚಾದರೂ ಒಣಗಿಬಿಡುತ್ತದೆ. ಕಡ್ಡಿಗೆ ಒಂದೆರಡು ತೇವದ ಪುಡಿ ಅಂಟಿದ್ದರೆ ತೆಗೆಯಿರಿ. ಉಳಿದ ಬಿಸಿಯಲ್ಲಿ ಅದು ಹದವಾಗುತ್ತದೆ. ಪೂರ್ತಿ ಆರುವ ಮುನ್ನ ಕತ್ತರಿಸಿದರೆ ಒಳಗೆ ಹಸಿಯಿದ್ದಂತೆ ಕಾಣುವುದು ಸಹಜ.

ಮೊಟ್ಟೆ ತಿನ್ನದವರು ಮೊಸರನ್ನು 150 ಗ್ರಾಮಿಗೆ ಏರಿಸಿ, ಮೈದಾ 160 ಗ್ರಾಂ, ಗೋಧಿ ಹಿಟ್ಟು 60 ಗ್ರಾಂ ಮಾಡಿಕೊಳ್ಳಲಿ. ಮೊಟ್ಟೆಯಿಲ್ಲದಾಗ ಲೋಫನ್ನು ಎತ್ತಿ ನಿಲ್ಲಿಸುವುದು ಮೈದಾವೇ. ಸೋಡಾ ಅರ್ಧ ಟೀ ಚಮಚ ಆಗಲಿ. ಮೊಟ್ಟೆರಹಿತ ಕೇಕಿಗೆ ನಮ್ಮಲ್ಲಿ ಮಾಮೂಲಿಯಾಗಿ ಬಳಸುವ ಕಂಡೆನ್ಸ್ಡ್ ಮಿಲ್ಕಿನ 400 ಗ್ರಾಂ ಡಬ್ಬಿಯೊಂದರಲ್ಲೇ ಸುಮಾರು 1300 ಕ್ಯಾಲೊರಿ ಇದೆ. ಮೊಟ್ಟೆಯನ್ನು ತಪ್ಪಿಸಲು ಹೋಗಿ ಅದನ್ನು ಸುರಿದರೆ ಇಷ್ಟೆಲ್ಲ ಲೆಕ್ಕಾಚಾರ ನೀರಿನಲ್ಲಿ ಹೋಮವಾಗುತ್ತದೆ.

ಕ್ಯಾಲೊರಿಯಿಲ್ಲದ ಸಿಹಿಕಾರಕಗಳ ಬಗ್ಗೆಯೂ ಹಲವರು ಕೇಳುತ್ತಾರೆ. ಆಸ್ಪರ್ಟೇಮ್ ಒಲೆಯ ಶಾಖಕ್ಕೆ ಸಿಹಿ ಕಳೆದುಕೊಳ್ಳುತ್ತದೆ. ಸುಕ್ರಲೋಸ್, ಸ್ಟೀವಿಯಾ ಶಾಖವನ್ನು ತಾಳಿಕೊಂಡರೂ ಸಕ್ಕರೆಯ ಮೈತೂಕವಾಗಲಿ ತೇವ ಹಿಡಿಯುವ ಗುಣವಾಗಲಿ ಅವಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮೇ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ತೂಕ ನಿಯಂತ್ರಣಕ್ಕೆಂದು ಇಂಥ ಸಿಹಿಕಾರಕಗಳನ್ನು ಬಳಸಬಾರದೆಂದೇ ಸಲಹೆ ಮಾಡಿದೆ. ಆ ಸಲಹೆ ಈಗಾಗಲೇ ಮಧುಮೇಹ ಇರುವವರನ್ನು ಉದ್ದೇಶಿಸಿದ್ದಲ್ಲ. ಈ ಲೋಫಿನ ಮಟ್ಟಿಗೆ ಬೆಲ್ಲವನ್ನೇ ಮಿತವಾಗಿ ಹಾಕುವುದು ರುಚಿಗೂ ರಚನೆಗೂ ಮೇಲು.

ಅಕ್ರೋಟು ಇಷ್ಟವಿದ್ದರೆ ಹಿಟ್ಟಿನೊಳಗೆ ಕಲಸಬೇಡಿ. 60 ಗ್ರಾಂ ಅಕ್ರೋಟು ಎಂದರೆ 390 ಕ್ಯಾಲೊರಿ. 15 ಗ್ರಾಮಿನಷ್ಟನ್ನು ಸಣ್ಣಗೆ ಕತ್ತರಿಸಿ ಮೇಲೆ ಉದುರಿಸಿದರೆ ನೂರರಲ್ಲಿ ಮುಗಿಯುತ್ತದೆ, ಒಲೆಯಲ್ಲಿ ಹುರಿದಂತಾಗಿ ಪ್ರತಿ ತುಂಡಿನಲ್ಲೂ ಹಲ್ಲಿಗೆ ಸಿಗುತ್ತದೆ.

ಒಂದು ತೊಂದರೆಯನ್ನು ಮಾತ್ರ ಒಪ್ಪಿಕೊಳ್ಳಲೇಬೇಕು: ಸಕ್ಕರೆ ಕಡಿಮೆಯಿರುವ ಲೋಫ್ ಹೆಚ್ಚು ದಿನ ಬಾಳುವುದಿಲ್ಲ. ಹೊರಗಿಟ್ಟರೆ ಎರಡು ದಿನ, ಕರಾವಳಿಯ ಮಳೆಗಾಲದಲ್ಲಿ ಅದೂ ಅನುಮಾನ. ಫ್ರಿಜ್ಜಿನ ಕೆಳಗಿನ ತಂಪಿನಲ್ಲಿ ಬೂಸ್ಟು ತಡವಾಗುತ್ತದೆ ನಿಜ, ಆದರೆ ಪಿಷ್ಟ ಅಲ್ಲಿಯೇ ಬೇಗನೆ ಬಿರುಸಾಗುತ್ತದೆ. ಪೂರ್ತಿ ಆರಿದ ಲೋಫನ್ನು ಹನ್ನೆರಡು ತುಂಡು ಮಾಡಿ, ನಡುನಡುವೆ ಬೆಣ್ಣೆ ಕಾಗದ ಇಟ್ಟು ಫ್ರೀಜರಿನಲ್ಲಿಡಿ. ಬೇಕಾದಾಗ ಒಂದೊಂದೇ ತೆಗೆದು ಒಣ ತವೆಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಬಿಸಿ ಮಾಡಿದರೆ ಮಸಾಲೆಯ ಘಮ ಮರಳಿ ಏಳುತ್ತದೆ. ಅದರ ಮೇಲೆ ಬೆಣ್ಣೆ ಸವರುವ ಅಭ್ಯಾಸವಿದ್ದವರು ಟೀ ಚಮಚವೊಂದಕ್ಕೆ 36 ಕ್ಯಾಲೊರಿಯಂತೆ ಬೇರೆಯೇ ಲೆಕ್ಕ ಇಟ್ಟುಕೊಳ್ಳಬೇಕು.